ಬಣವೆಯ ಮೇಲಿನ ಬೆಳಕು

ಹಿಂಗಾರಿ ಜೋಳದ ಕೊಯ್ಲು ಮುಗಿದು ತೆನೆಗಳು ಕಣವನ್ನು ಸೇರಿದ ಮೇಲೆ ಅಕ್ಕಲಕೋಟೆ ತಾಲೂಕಿನ ಎರೆಹೊಲಗಳಲ್ಲಿ ಉಳಿಯುವುದು ಎರಡೇ: ಕೂಳೆ ಮತ್ತು ಬಣವೆ. ಕನ್ನಡದವರು ಕಣಿಕೆಯೆಂದೂ ಮರಾಠಿಯವರು ಕಡಬಾ ಎಂದೂ ಕರೆಯುವ ಜೋಳದ ದಂಟನ್ನು ಸಿವುಡು ಕಟ್ಟಿ, ಸಾಲುಸಾಲಾಗಿ ಒಟ್ಟಿ, ಮಳೆ ಒಳಗಿಳಿಯದಂತೆ ಮೇಲ್ಭಾಗವನ್ನು ಇಳಿಜಾರು ಮಾಡಿ ನಿಲ್ಲಿಸಿದ ಈ ಬಣವೆ ರೈತನ ಪಾಲಿಗೆ ಮುಂದಿನ ಮುಂಗಾರಿನವರೆಗೆ ದನಗಳ ಬದುಕು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಬಸ್ಸಿನ ಪ್ರಯಾಣಿಕನಿಗೆ ಮಾತ್ರ ಅದು ನೋಡತಕ್ಕ ನೋಟವೆನಿಸುವುದಿಲ್ಲ. ನಿಸರ್ಗವನ್ನು ನೋಡಬೇಕಾದರೆ ಮಹಾಬಳೇಶ್ವರಕ್ಕೋ ಕೊಂಕಣಕ್ಕೋ ಹೋಗಬೇಕು. ಇಲ್ಲಿರುವುದು ಬರಿಯ ಬಯಲು ಎಂಬ ಭಾವನೆ ಈ ಭಾಗದಲ್ಲಿ ಬೇರೂರಿದೆ.

1890ರ ಬೇಸಿಗೆಯ ಕೊನೆಯಲ್ಲಿ ಫ್ರಾನ್ಸಿನ ಝಿವೆರ್ನಿ ಎಂಬ ಹಳ್ಳಿಯಲ್ಲಿ ಒಬ್ಬ ಚಿತ್ರಕಾರನು ನೆರೆಯ ರೈತನ ಹೊಲದಲ್ಲಿದ್ದ ಗೋಧಿಯ ಬಣವೆಗಳ ಮುಂದೆ ಚಿತ್ರದ ಚೌಕಟ್ಟನ್ನು ನಿಲ್ಲಿಸಿದನು. ಆ ಚಳಿಗಾಲ ಮುಗಿಯುವುದರೊಳಗೆ ಅವೇ ಬಣವೆಗಳನ್ನು ಸುಮಾರು 25 ಸಲ ಚಿತ್ರಿಸಿದನು. ಮುಂಜಾವಿನಲ್ಲಿ ಒಂದು, ನಡುಹಗಲಿನಲ್ಲಿ ಒಂದು, ಮಂಜು ಕವಿದಾಗ ಒಂದು, ಹಿಮ ಬಿದ್ದಾಗ ಮತ್ತೊಂದು. ಆ ಚಿತ್ರಕಾರನೇ ಕ್ಲಾಡ್ ಮೊನೆ. ಅವುಗಳಲ್ಲಿ 15 ಚಿತ್ರಗಳು 1891ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. ಅದೇ ಮಾಲಿಕೆಯ ಒಂದು ಚಿತ್ರವು 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು. ಜಗತ್ತು ಇಷ್ಟು ಬೆಲೆ ಕಟ್ಟಿದ್ದು ಹುಲ್ಲಿಗಲ್ಲ, ಯಾರೂ ನಿಂತು ನೋಡದ ಒಂದು ವಸ್ತುವನ್ನು ಒಬ್ಬನು ನಿಂತು ನೋಡಿದ ಬಗೆಗೆ. ಆ ಬಗೆಯನ್ನು ಅರಿತುಕೊಂಡರೆ ಸೊಲ್ಲಾಪುರ ಸೀಮೆಯ ಬಯಲೂ ಬರಿಯ ಬಯಲಾಗಿ ಉಳಿಯಲಾರದು.

ಅಣಕದಿಂದ ಬಂದ ಹೆಸರು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಯುರೋಪಿನ ನಿಸರ್ಗಚಿತ್ರವು ಬಹುಮಟ್ಟಿಗೆ ಕೋಣೆಯೊಳಗೆ ಪೂರ್ಣಗೊಳ್ಳುತ್ತಿತ್ತು. ಕಲಾವಿದನು ಹೊರಗೆ ಹೋಗಿ ಕಚ್ಚಾ ರೇಖೆಗಳನ್ನು ಬರೆದುಕೊಂಡು ಬಂದು, ಕೋಣೆಯಲ್ಲಿ ಕುಳಿತು, ನೆನಪಿನಿಂದಲೂ ಪರಂಪರೆಯ ನಿಯಮಗಳಿಂದಲೂ ದೊಡ್ಡ ಚಿತ್ರವನ್ನು ಕಟ್ಟುತ್ತಿದ್ದನು. ಮರವೆಂದರೆ ಹಸಿರು, ನೆಲವೆಂದರೆ ಕಂದು, ನೆರಳೆಂದರೆ ಕಪ್ಪು ಎಂಬುದು ಮೊದಲೇ ಗೊತ್ತುಪಡಿಸಿದ ಲೆಕ್ಕ.

ಈ ಲೆಕ್ಕವನ್ನು ಕೆಡಿಸಿದ ಕಾರಣಗಳಲ್ಲಿ ಕೆಲವು ತೀರ ಸಾಮಾನ್ಯವಾದವು. 1841ರಲ್ಲಿ ಅಮೆರಿಕದ ಜಾನ್ ಗಾಫ್ ರ್‍ಯಾಂಡ್ ಎಂಬ ಚಿತ್ರಕಾರನು ಬಣ್ಣ ತುಂಬಿಡುವ ತವರದ ಟ್ಯೂಬನ್ನು ಕಂಡುಹಿಡಿದನು. ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿ ತೆರೆದರೆ ಬಣ್ಣ ಬೇಗ ಒಣಗುತ್ತಿತ್ತು. ಟ್ಯೂಬು ಬಂದ ಮೇಲೆ ಬಣ್ಣಗಳನ್ನು ಚೀಲಕ್ಕೆ ಹಾಕಿಕೊಂಡು ಹೊಲಕ್ಕೆ, ನದಿಯ ದಂಡೆಗೆ ಹೋಗುವುದು ಸುಲಭವಾಯಿತು. ಪ್ಯಾರಿಸ್ಸಿನಿಂದ ಸುತ್ತಲ ಊರುಗಳಿಗೆ ಹರಡಿದ ರೈಲು ಅವರನ್ನು ಅಲ್ಲಿಗೆ ತಲುಪಿಸಿತು.

ಇನ್ನೊಂದು ಕಾರಣವನ್ನು ಸೊಲ್ಲಾಪುರದ ಮಗ್ಗದವರು ಯಾರಿಗಿಂತಲೂ ಬೇಗ ಅರಿಯಬಲ್ಲರು. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ನ ಬಳಿಗೆ, ನೇಯ್ದ ಬಟ್ಟೆಯಲ್ಲಿ ಕಪ್ಪು ನೂಲು ಕಳೆಗುಂದಿ ಕಾಣುತ್ತದೆಂಬ ದೂರು ಬಂದಿತು. ಪರೀಕ್ಷಿಸಿದಾಗ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ಬಣ್ಣಗಳಿಂದಾಗಿ ಕಣ್ಣಿಗೆ ಹಾಗೆ ತೋರುತ್ತಿತ್ತು. ಒಂದು ಬಣ್ಣವು ಹೇಗೆ ಕಾಣುತ್ತದೆಂಬುದು ಅದರ ನೆರೆಯ ಬಣ್ಣವನ್ನು ಅವಲಂಬಿಸಿದೆ ಎಂಬ ತತ್ತ್ವವನ್ನು ಅವನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಚಾದರದ ಕೆಂಪು ಪಟ್ಟಿಯು ಹಸಿರು ಅಂಚಿನ ಪಕ್ಕದಲ್ಲಿ ಹೆಚ್ಚು ಉಜ್ವಲವಾಗುವುದಕ್ಕೂ, ಹಸಿರು ಹುಲ್ಲಿನ ನಡುವೆ ಗಸಗಸೆಯ ಕೆಂಪು ಹೂಗಳು ಮೊನೆಯ ಚಿತ್ರದಲ್ಲಿ ಉರಿಯುವಂತೆ ಕಾಣುವುದಕ್ಕೂ ಕಾರಣವೊಂದೇ.

1874ರ ಏಪ್ರಿಲ್ 15ರಂದು ಮೊನೆ, ಪಿಸಾರೊ, ರೆನ್ವಾ, ಸಿಸ್ಲೆ, ದೆಗಾ, ಬರ್ತ್ ಮೊರಿಸೊ ಮೊದಲಾದ ಸುಮಾರು 30 ಕಲಾವಿದರು ಸರ್ಕಾರಿ ಮನ್ನಣೆಯ ಸಲೋನಿನ ಹಂಗಿಲ್ಲದೆ ತಮ್ಮದೇ ಪ್ರದರ್ಶನವನ್ನು ತೆರೆದರು. ಅಲ್ಲಿದ್ದ ಮೊನೆಯ ಒಂದು ಚಿತ್ರದ ಹೆಸರು ‘ಇಂಪ್ರೆಷನ್, ಸೂರ್ಯೋದಯ’. ಅದು ಅವನು 1872ರಲ್ಲಿ ಕಂಡ ಬಂದರಿನ ಒಂದು ಬೆಳಗು. ಲೂಯಿ ಲೆರುವಾ ಎಂಬ ಪತ್ರಕರ್ತನು ಆ ಹೆಸರನ್ನೇ ಹಿಡಿದು ಇವರೆಲ್ಲರನ್ನೂ ‘ಇಂಪ್ರೆಷನಿಸ್ಟರು’ ಎಂದು ಗೇಲಿಮಾಡಿದನು. ಗೇಲಿಯ ಹೆಸರೇ ಪಂಥದ ಹೆಸರಾಗಿ ನಿಂತಿತು. 1886ರವರೆಗೆ ಇಂತಹ ಎಂಟು ಪ್ರದರ್ಶನಗಳು ನಡೆದವು.

ನೆರಳಿಗೂ ಬಣ್ಣವುಂಟು

ಈ ಕಲಾವಿದರು ಕಂಡ ಮುಖ್ಯ ಸಂಗತಿಯೆಂದರೆ ವಸ್ತುವಿಗೆ ಸ್ಥಿರವಾದ ಬಣ್ಣವೆಂಬುದಿಲ್ಲ. ಆ ಹೊತ್ತಿನ ಬೆಳಕು ಕೊಟ್ಟದ್ದೇ ಅದರ ಬಣ್ಣ. ಹಾಗೆಯೇ ನೆರಳು ಬೆಳಕಿನ ಅಭಾವವಲ್ಲ. ಸೂರ್ಯನ ನೇರ ಕಿರಣ ತಲುಪದ ಜಾಗಕ್ಕೂ ನೀಲಿ ಆಕಾಶದ ಬೆಳಕು ತಲುಪುತ್ತದೆ. ಆದ್ದರಿಂದ ಬಿಳಿಯ ನೆಲದ ಮೇಲಿನ ನೆರಳು ಕಪ್ಪಾಗಿರದೆ ನೀಲಿಯಾಗಿರುತ್ತದೆ. 1868-69ರ ಚಳಿಗಾಲದಲ್ಲಿ ಮೊನೆ ಬರೆದ ‘ಮ್ಯಾಗ್‌ಪೈ’ ಎಂಬ ಚಿತ್ರದಲ್ಲಿ ಹಿಮ ಮುಚ್ಚಿದ ಬೇಲಿಯ ನೆರಳು ತಿಳಿನೀಲಿಯಾಗಿ ಬಿದ್ದಿದೆ. ಅಂದಿನ ಸಲೋನು ಆ ಚಿತ್ರವನ್ನು ತಿರಸ್ಕರಿಸಿತು.

ಸೊಲ್ಲಾಪುರದಲ್ಲಿ ಹಿಮವಿಲ್ಲ. ಆದರೆ ನೀಲಿ ನೆರಳನ್ನು ಕಾಣಲು ಹಿಮವೇ ಬೇಕೆಂದಿಲ್ಲ. ಮಕರಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳ ಹಿಂದೆ ಬಿಳಿಯ ಬಾರಾಬಂದಿ ಧರಿಸಿದ ಸಾವಿರಾರು ಭಕ್ತರು ನಡೆಯುವಾಗ, ಒಬ್ಬನ ಭುಜದ ನೆರಳು ಮತ್ತೊಬ್ಬನ ಬೆನ್ನಿನ ಮೇಲೆ ಬೀಳುತ್ತದೆ. ಜನವರಿಯ ನಿಚ್ಚಳ ಬಿಸಿಲಿನಲ್ಲಿ ಆ ನೆರಳನ್ನು ಗಮನಿಸಿದವನಿಗೆ ಮೊನೆ ಕಂಡ ನೀಲಿಯೇ ಕಾಣುತ್ತದೆ. ಭಂಡಾರದ ಹಳದಿ ಎಲ್ಲಿಯಾದರೂ ಬಟ್ಟೆಗೆ ತಗುಲಿದ್ದರೆ ಅದರ ಪಕ್ಕದ ನೆರಳು ನೇರಳೆಗೆ ತಿರುಗಿದಂತೆ ತೋರುತ್ತದೆ. ಶೆವ್ರಲ್‌ನ ತತ್ತ್ವ ಅಲ್ಲಿಯೂ ಕೆಲಸ ಮಾಡುತ್ತದೆ.

ಹಾಗೆಂದು ಫ್ರಾನ್ಸಿನ ಬೆಳಕೂ ಇಲ್ಲಿಯ ಬೆಳಕೂ ಒಂದೇ ಅಲ್ಲ. ಝಿವೆರ್ನಿ ಇರುವುದು ಉತ್ತರ ಅಕ್ಷಾಂಶ 49 ಡಿಗ್ರಿಯಲ್ಲಿ. ಸೊಲ್ಲಾಪುರವು 18 ಡಿಗ್ರಿಗೆ ತುಸು ಕೆಳಗೆ. ಡಿಸೆಂಬರಿನ ಕೊನೆಯಲ್ಲಿ ಝಿವೆರ್ನಿಯ ನಡುಹಗಲ ಸೂರ್ಯನು ದಿಗಂತದಿಂದ 17-18 ಡಿಗ್ರಿಗಿಂತ ಮೇಲೇರುವುದಿಲ್ಲ. ನಿಂತ ಮನುಷ್ಯನ ನೆರಳು ಅವನ ಎತ್ತರದ ಮೂರು ಪಟ್ಟಿಗೂ ಹೆಚ್ಚು ಉದ್ದವಿರುತ್ತದೆ. ಅದೇ ದಿನ ಸೊಲ್ಲಾಪುರದ ನಡುಹಗಲ ಸೂರ್ಯನು ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಆಳಿನ ಎತ್ತರಕ್ಕಿಂತಲೂ ಕಡಿಮೆ. ಮೇ ತಿಂಗಳ ಎರಡನೆಯ ವಾರದಲ್ಲಿ ಒಮ್ಮೆ, ಆಗಸ್ಟಿನ ಆರಂಭದಲ್ಲಿ ಮತ್ತೊಮ್ಮೆ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬರುವುದರಿಂದ, ನೆಟ್ಟಗೆ ನಿಂತ ಕಂಬಕ್ಕೆ ಆ ಕ್ಷಣದಲ್ಲಿ ನೆರಳೇ ಇರುವುದಿಲ್ಲ. ಝಿವೆರ್ನಿಯಲ್ಲಿ ಅಂತಹ ದಿನ ಎಂದಿಗೂ ಬಾರದು.

ಚಿತ್ರಕಾರನಿಗೆ ಈ ಅಂಕಿಗಳ ಅರ್ಥ ಬಹಳ ದೊಡ್ಡದು. ಫ್ರಾನ್ಸಿನಲ್ಲಿ ದಿನವಿಡೀ ಓರೆಬೆಳಕು ಸಿಗುವ ಕಾಲವುಂಟು. ಸೊಲ್ಲಾಪುರದ ಬೇಸಿಗೆಯಲ್ಲಿ ಓರೆಬೆಳಕು ಸಿಗುವುದು ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು. ನಡುವಣ ಹೊತ್ತಿನಲ್ಲಿ ಬಿಸಿಲು ಬಣ್ಣಗಳನ್ನೆಲ್ಲ ಕುಡಿದುಬಿಡುತ್ತದೆ. ಸಂಜೆಯೂ ಇಲ್ಲಿ ಬೇಗ ಮುಗಿಯುತ್ತದೆ. ಸೂರ್ಯನು ಕಡಿದಾಗಿ ಇಳಿಯುವುದರಿಂದ ಅರ್ಧ ತಾಸಿನೊಳಗೆ ಕತ್ತಲೆ ಆವರಿಸುತ್ತದೆ. ಬೆಳಕು ಬದಲಾದಂತೆಲ್ಲ ಒಂದು ಚಿತ್ರಪಟವನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ ಮೊನೆಯೂ ಇಲ್ಲಿ ಅವಸರಪಡಬೇಕಾಗುತ್ತಿತ್ತು. ಇದರ ಮೇಲೆ ಎರೆಮಣ್ಣು. ಒಣಗಿದಾಗ ಬೂದು, ಹಸಿಯಾದಾಗ ಕಾಡಿಗೆ, ನೇಗಿಲು ಹೊಡೆದ ಹೆಂಟೆಯ ಮೇಲೆ ಸಂಜೆಯ ಬಿಸಿಲು ಬಿದ್ದಾಗ ತಾಮ್ರ. ಒಂದೇ ಹೊಲಕ್ಕೆ ವರ್ಷದಲ್ಲಿ ಎಷ್ಟು ಬಣ್ಣವೆಂಬುದನ್ನು ಅದನ್ನು ಉಳುವವನು ಬಲ್ಲನು. ಹೇಳುವ ಸಂದರ್ಭ ಅವನಿಗೆ ಒದಗುವುದಿಲ್ಲ, ಅಷ್ಟೆ.

ಕಾಣದ ಮನುಷ್ಯ

ಇಂಪ್ರೆಷನಿಸ್ಟರ ನಿಸರ್ಗದಲ್ಲಿ ಮನುಷ್ಯನ ಸ್ಥಾನವೇನು? ಅವರಿಗಿಂತ ಹಿಂದಿನ ಚಿತ್ರಗಳಲ್ಲಿ ನಿಸರ್ಗವು ಅನೇಕ ವೇಳೆ ದೇವತೆಗಳ, ರಾಜರ, ವೀರರ ಹಿಂದಿನ ಪರದೆಯಾಗಿತ್ತು. ಇವರು ಆ ಮೇಲುಕೀಳನ್ನು ಅಳಿಸಿದರು. 1873ರ ಗಸಗಸೆ ಹೊಲದ ಚಿತ್ರದಲ್ಲಿ ಮೊನೆಯು ತಾಯಿ ಮತ್ತು ಮಗುವನ್ನು ಹೂಗಳಿಗೆ ಬಳಸಿದಂತಹುದೇ ಸಣ್ಣ ಕುಂಚದ ಗುರುತುಗಳಿಂದ ಮೂಡಿಸಿದನು. ಹೂವಿನ ಮೇಲೆ ಬಿದ್ದ ಬಿಸಿಲೇ ಹೆಂಗಸಿನ ಕೊಡೆಯ ಮೇಲೂ ಬಿದ್ದಿದೆ. ಅವರಿಬ್ಬರೂ ಹೊಲದ ಒಡೆಯರಲ್ಲ, ಅದರ ಒಂದು ಭಾಗ.

ಆದರೆ ಆ ಚಿತ್ರಗಳ ಬಹುಪಾಲು ಜನ ಪಟ್ಟಣದಿಂದ ವಿಹಾರಕ್ಕೆ ಬಂದವರು ಎಂಬುದನ್ನೂ ಮರೆಯಲಾಗದು. ಹೊಲದಲ್ಲಿ ದುಡಿಯುವವರನ್ನು ಎಡೆಬಿಡದೆ ಚಿತ್ರಿಸಿದವನು ಕಮೀಲ್ ಪಿಸಾರೊ. ಎಂಟೂ ಪ್ರದರ್ಶನಗಳಲ್ಲಿ ಪಾಲ್ಗೊಂಡ ಏಕೈಕ ಕಲಾವಿದನಾದ ಅವನು ಪೊಂಟ್ವಾಜ್, ಎರಾನ್ಯಿ ಎಂಬ ಊರುಗಳಲ್ಲಿ ನೆಲೆಸಿ ಆಲೂಗಡ್ಡೆ ಅಗೆಯುವವರನ್ನು, ಸಂತೆಯ ಹೆಂಗಸರನ್ನು, ಕಾಯಿಪಲ್ಯದ ತೋಟಗಳನ್ನು ಬರೆದನು. ಅವರನ್ನು ಕನಿಕರದ ಪಾತ್ರಗಳನ್ನಾಗಿ ಮಾಡಲಿಲ್ಲ, ವೀರರನ್ನಾಗಿಯೂ ಮಾಡಲಿಲ್ಲ. ಕೆಲಸದ ನಡುವೆ ಬೆನ್ನು ನೆಟ್ಟಗೆ ಮಾಡಿ ಒಂದು ಕ್ಷಣ ನಿಂತವರನ್ನು ನಿಂತ ಹಾಗೆಯೇ ಬರೆದನು.

ಈ ಎರಡೂ ಬಗೆಗಳನ್ನು ಸೇರಿಸಿದಂತಹ ದಿನವೊಂದು ಸೊಲ್ಲಾಪುರ ಸೀಮೆಯಲ್ಲಿದೆ. ಎಳ್ಳ ಅಮಾವಾಸ್ಯೆಯಂದು, ಮರಾಠಿಯವರು ವೇಳ ಅಮಾವಾಸ್ಯೆ ಎನ್ನುವ ಆ ದಿನ, ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ನಿಂತ ಜೋಳದ ನಡುವೆ ಪಾಂಡವರನ್ನು ಪೂಜಿಸಿ, ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳ ಊಟ ಮಾಡುತ್ತಾರೆ. ಹುಲ್ಲಿನ ಮೇಲಿನ ಊಟವು ಫ್ರೆಂಚ್ ಕಲಾವಿದರಿಗೆ ಪ್ರಿಯವಾದ ವಸ್ತು. ಆದರೆ ಅಲ್ಲಿ ಉಣ್ಣುವವರು ಹೊಲಕ್ಕೆ ಅತಿಥಿಗಳು. ಇಲ್ಲಿ ಹೊಲವೇ ಅತಿಥಿ, ಅದಕ್ಕೇ ಮೊದಲ ತುತ್ತು.

ಇನ್ನು ಬಣವೆಯ ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ಆದರೂ ಅವು ನಿರ್ಜನವಲ್ಲ. ಬಣವೆ ತಾನಾಗಿ ಬೆಳೆದುದಲ್ಲ. ಕೊಯ್ದ ಕೈ, ಕಟ್ಟಿದ ಕೈ, ಒಟ್ಟಿದ ಕೈ ಅದರಲ್ಲಿವೆ. ಝಿವೆರ್ನಿಯ ಬಣವೆಯಲ್ಲಿ ಒಕ್ಕಣೆಯಾಗದ ಗೋಧಿಯ ತೆನೆಗಳು ಇನ್ನೂ ಇದ್ದವು; ಊರಿನ ರೊಟ್ಟಿ ಅದರೊಳಗಿತ್ತು. ಅಕ್ಕಲಕೋಟೆಯ ಬಣವೆಯಲ್ಲಿ ತೆನೆ ಕಳಚಿದ ದಂಟು ಮಾತ್ರವಿರುತ್ತದೆ. ದನದ ಹೊಟ್ಟೆ ಅದರೊಳಗಿದೆ. ಎರಡೂ ದುಡಿದವರ ಉಳಿತಾಯವೇ. ಸೊಲ್ಲಾಪುರದ ಸಿದ್ಧೇಶ್ವರ ಕೆರೆಯೂ ಇಂತಹುದೇ ದೃಶ್ಯ. ಸಂಜೆ ಗುಡಿಯ ದೀಪಗಳು ನೀರಿನಲ್ಲಿ ಮುರಿದು ಮುರಿದು ಬೀಳುವುದನ್ನು ನಿಸರ್ಗಸೌಂದರ್ಯವೆಂದು ನೋಡುವವರು, ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನು ಕೆರೆ ಅಗೆಯುವುದನ್ನೇ ಶಿವಯೋಗವೆಂದು ಬಗೆದವನೆಂಬುದನ್ನು ನೆನೆಯಬೇಕು. ಮೊನೆಯ ಹೆಸರಾಂತ ನೈದಿಲೆಗಳು ಅರಳಿದ್ದು ಸಹ ಅವನೇ 1893ರ ಬಳಿಕ ತೋಡಿಸಿದ ಕೊಳದಲ್ಲಿ. ಮನುಷ್ಯನ ಕೈ ತಾಗದ ನಿಸರ್ಗವು ಇಬ್ಬರಿಗೂ ಬೇಕಾಗಿರಲಿಲ್ಲ.

ಸೊಬಗು ಸಂಕಟವನ್ನು ಮರೆಸುವುದೇ?

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಗೆ ಎಡೆಯಿದೆ. 1876ರಲ್ಲಿ ಸೇನ್ ನದಿ ಉಕ್ಕಿ ಪೋರ್-ಮಾರ್ಲಿ ಎಂಬ ಊರು ಜಲಾವೃತವಾದಾಗ ಸಿಸ್ಲೆ ಆ ನೆರೆಯನ್ನು ಚಿತ್ರಿಸಿದನು. ಬೀದಿಯಲ್ಲಿ ದೋಣಿಗಳಿವೆ, ಅಂಗಡಿಯ ಗೋಡೆ ನೀರಿನಲ್ಲಿ ನಿಂತಿದೆ. ಆದರೆ ಚಿತ್ರದ ಆಕಾಶ ಶಾಂತ, ನೀರಿನ ಹೊಳಪು ಮನೋಹರ. ನೆರೆಯೂ ಸುಂದರವಾಗಿ ಕಾಣುವುದಾದರೆ ಬರಗಾಲವೂ ಸುಂದರವಾಗಿ ಕಾಣಬಹುದಲ್ಲವೇ? ಸಹ್ಯಾದ್ರಿಯ ಮಳೆನೆರಳಿನಲ್ಲಿ ಬದುಕುವ ಜನಕ್ಕೆ ಈ ಪ್ರಶ್ನೆ ಬರಿಯ ಕಲಾಚರ್ಚೆಯಲ್ಲ. 1972ರ ಬರದಲ್ಲಿ ಸೊಲ್ಲಾಪುರ ಜಿಲ್ಲೆಯ ರೈತರು ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆದರು. ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೇರೂರಿದ್ದು ಆ ಸಂಕಟದಲ್ಲಿಯೇ. ಬಿರುಕು ಬಿಟ್ಟ ಎರೆನೆಲದ ಮೇಲೆ ಸಂಜೆಗೆಂಪು ಚೆಲುವಾಗಿ ಕಂಡಿತೆಂದು ಅಂದು ಯಾರಾದರೂ ಹೇಳಿದ್ದರೆ ಕೇಳುವವರು ಕೆರಳುತ್ತಿದ್ದರು.

ಬಣ್ಣದ ಚಿತ್ರವು ಮೇವಿನ ಬೆಲೆಯನ್ನು ಹೇಳಲಾರದು ಎಂಬುದು ನಿಜ. ಆದರೆ ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡುವ ಶಿಸ್ತು ಕಣ್ಣನ್ನು ಮೋಸಹೋಗದಂತೆ ಕಾಯುತ್ತದೆ. ಮೊನೆಯ ಮಾಲಿಕೆಯಲ್ಲಿ ಬಣವೆ ಹಾಗೆಯೇ ನಿಂತಿರುತ್ತದೆ, ಬೆಳಕು ಬದಲಾಗುತ್ತದೆ. ಅಕ್ಕಲಕೋಟೆಯ ಬಣವೆಯನ್ನು ಸುಗ್ಗಿಯಿಂದ ಮೃಗಶಿರಾ ಮಳೆಯವರೆಗೆ ಚಿತ್ರಿಸುವವನಿಗೆ ಬೆಳಕಿನೊಡನೆ ಬಣವೆಯೂ ಬದಲಾಗುವುದು ಕಾಣುತ್ತದೆ. ದಿನಕ್ಕಿಷ್ಟು ಸಿವುಡಿನಂತೆ ಅದು ಕರಗುತ್ತ ಹೋಗುತ್ತದೆ. ಮಳೆ ಬರುವ ಮೊದಲೇ ಕರಗಿ ಮುಗಿದರೆ ಆ ವರ್ಷ ಹೇಗಿತ್ತೆಂಬುದನ್ನು ಚಿತ್ರವೇ ಹೇಳುತ್ತದೆ. ಸೊಬಗನ್ನು ಒಂದು ಸಲ ನೋಡಿ ಹೋಗುವವನು ಸಂಕಟವನ್ನು ಮರೆಯಬಹುದು. ಇಪ್ಪತ್ತೈದು ಸಲ ನೋಡಿದವನು ಮರೆಯಲಾರನು.

ತಮ್ಮ ನೆಲದ ಬೆಳಕು

ಕನ್ನಡ ನಾಡಿನಲ್ಲಿಯೂ ನೆರೆಯ ಸೀಮೆಯಲ್ಲಿಯೂ ತಮ್ಮ ತಮ್ಮ ಬೆಳಕನ್ನು ಹುಡುಕಿಕೊಂಡ ಕಲಾವಿದರಿದ್ದಾರೆ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಕೊಲ್ಹಾಪುರಕ್ಕೆ ಮರಳಿದ ಆಬಾಲಾಲ್ ರಹಿಮಾನ್ ಕೋಟಿತೀರ್ಥದಂತಹ ಊರ ಕೆರೆಯ ಪರಿಸರವನ್ನೇ ಚಿತ್ರಿಸುತ್ತ ಬಾಳಿ 1931ರಲ್ಲಿ ತೀರಿಕೊಂಡರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಮೈಸೂರಿನ ಕೆ. ವೆಂಕಟಪ್ಪನವರು (1886-1965) ಊಟಿ, ಕೊಡೈಕೆನಾಲ್ ಬೆಟ್ಟಗಳ ಮಂಜನ್ನೂ ಮೋಡವನ್ನೂ ಜಲವರ್ಣದಲ್ಲಿ ಹಿಡಿದರು. ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚವನ್ನು ಬದಿಗಿಟ್ಟು, ‘ತಾಯಿನಾಡು’ ಪತ್ರಿಕೆಯಲ್ಲಿ ದುಡಿದು, ನಡುವಯಸ್ಸು ದಾಟಿದ ಮೇಲೆ ಮತ್ತೆ ಚಿತ್ರಕ್ಕೆ ಮರಳಿದ ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳ ಮುಂದೆ ಕುಳಿತು ಅವುಗಳ ಬಣ್ಣದ ಉಕ್ಕನ್ನು ಚಿತ್ರಪಟಕ್ಕೆ ತಂದರು. ಇವರಲ್ಲಿ ಯಾರೂ ಫ್ರಾನ್ಸಿನ ಬೆಳಕನ್ನು ಎರವಲು ತಂದವರಲ್ಲ. ತಮ್ಮೂರಿನ ಬೆಳಕಿನ ಮುಂದೆ ತಾವೇ ಕುಳಿತವರು.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಮಕ್ಕಳಿಗೆ ನಿಸರ್ಗಚಿತ್ರ ಬರೆಯೆಂದರೆ ಅನೇಕರು ಬರೆಯುವುದು ಎರಡು ಗುಡ್ಡ, ನಡುವೆ ಮೂಡುವ ಸೂರ್ಯ, ಹರಿಯುವ ಹೊಳೆ, ದಂಡೆಯಲ್ಲೊಂದು ತೆಂಗಿನ ಮರ. ಅವರ ಊರಿನಲ್ಲಿ ಆ ಗುಡ್ಡಗಳಿಲ್ಲ, ಆ ತೆಂಗೂ ಇಲ್ಲ. ಸರ್ಕಾರದ ಎಲಿಮೆಂಟರಿ ಚಿತ್ರಕಲಾ ಪರೀಕ್ಷೆಯಲ್ಲಿ ಸ್ಮರಣಚಿತ್ರಕ್ಕೆ ಸ್ಥಾನವಿದೆ. ಆದರೆ ಸ್ಮರಣೆಯಲ್ಲಿ ಏನನ್ನು ತುಂಬಿಕೊಳ್ಳಬೇಕೆಂಬುದು ಪರೀಕ್ಷೆಗಿಂತ ಮುಂಚಿನ ಪ್ರಶ್ನೆ. ತನ್ನ ಊರು ಚಿತ್ರಕ್ಕೆ ಯೋಗ್ಯವಲ್ಲವೆಂದು ಹತ್ತನೆಯ ವಯಸ್ಸಿಗೇ ನಂಬಿದ ಮಗುವಿಗೆ, ತನ್ನ ಊರಿನ ಮಾತೂ ಬರಹಕ್ಕೆ ಯೋಗ್ಯವಲ್ಲವೆನಿಸಲು ತಡವಾಗದು. ಗಡಿಭಾಗದಲ್ಲಿ ಈ ಎರಡು ನಂಬಿಕೆಗಳು ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ.

ಇದಕ್ಕೆ ಮದ್ದು ದುಬಾರಿಯದಲ್ಲ. ಚಿತ್ರಕಲೆಯ ಶಿಕ್ಷಕರು ಮಕ್ಕಳನ್ನು ಒಂದು ರವಿವಾರ ಊರಾಚೆಯ ಒಂದು ಬಣವೆಯ ಮುಂದೆ ಮೂರು ಸಲ ಕೂರಿಸಬಹುದು: ಹೊತ್ತು ಮೂಡಿದಾಗ, ಊಟದ ವೇಳೆಗೆ, ಹೊತ್ತು ಮುಳುಗುವಾಗ. ಪೆಟ್ಟಿಗೆಯಿಂದ ಕಪ್ಪು ಬಣ್ಣವನ್ನು ಮಾತ್ರ ತೆಗೆದಿಡಬೇಕು. ಬಣವೆಯ ನೆರಳು ಯಾವ ಬಣ್ಣದ್ದೆಂದು ಮಕ್ಕಳೇ ಕಂಡುಹಿಡಿಯಲಿ.

ಈ ಕೆಲಸವನ್ನು ಬಹಳ ಮುಂದೂಡುವಂತಿಲ್ಲ. ಉಜನಿ ಅಣೆಕಟ್ಟಿನ ಕಾಲುವೆಗಳು ಹರಿದ ಕಡೆಗಳಲ್ಲಿ ಕಬ್ಬು ಬಂದಿದೆ. ಕಬ್ಬು ಬಂದಲ್ಲಿ ಜೋಳ ಹಿಂದೆ ಸರಿದಿದೆ. ಟ್ರ್ಯಾಕ್ಟರು ಬಂದ ಮನೆಯಲ್ಲಿ ಎತ್ತುಗಳಿಲ್ಲ, ಎತ್ತುಗಳಿಲ್ಲದ ಮನೆಗೆ ಬಣವೆ ಬೇಡ. ನೀರು ಬಂದುದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಆದರೆ ಮೊನೆ ಕಂಡ ಗೋಧಿಯ ಬಣವೆಗಳು ಇಂದು ಫ್ರಾನ್ಸಿನ ಹೊಲಗಳಲ್ಲಿ ಸಿಗುವುದಿಲ್ಲ. ಒಬ್ಬನು ನಿಂತು ನೋಡಿದ್ದರಿಂದ ಅವುಗಳ ಮೇಲೆ ಬಿದ್ದ ಬೆಳಕು ಉಳಿದಿದೆ. ಅಕ್ಕಲಕೋಟೆಯ ಎರೆಹೊಲಗಳಲ್ಲಿ ಬಣವೆಗಳು ಇನ್ನೂ ಇವೆ.